ಎಂಟು ಎಂದು ಹೇಳಿದ ಬೆಳಗುಗಳು

ನನ್ನ ತಮ್ಮನ ಹವಳಗಳು ಸತ್ತದ್ದು ಪಂಪಿನಿಂದಲ್ಲ. ಕಾರವಾರದಲ್ಲಿ, ಗೋವೆಯಲ್ಲಿ ಗಾಜಿನ ತೊಟ್ಟಿಯೊಳಗೆ ಹವಳ ಬೆಳೆಸುವವರು ಹೆಚ್ಚು ಜನ ಇಲ್ಲ. ಇರುವವರು ಒಬ್ಬರನ್ನೊಬ್ಬರು ಬಲ್ಲರು. ಅವರಲ್ಲಿ ಕೆಲವರು ಈಗಲೂ ಹೊಸಬರಿಗೆ, ಡೋಸಿಂಗ್ ಪಂಪ್ ನಂಬಬೇಡಿ, ಕೋಡಿಬಾಗದವನ ತೊಟ್ಟಿ ಒಂದೇ ದಿನದಲ್ಲಿ ಹೋಯಿತು ಎಂದು ಹೇಳುತ್ತಾರಂತೆ. ಆ ಮಾತು ಹೋದಲ್ಲೆಲ್ಲ ನಾನು ಬೆನ್ನು ಹತ್ತಿ ಹೋಗಿ ಅಲ್ಲ ಎನ್ನಲಾರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆದು ರೂಢಿಯಿಲ್ಲ. ಆದರೂ ಬರೆದಿಡುತ್ತೇನೆ.

ಕಾರವಾರದ ಕೋಡಿಬಾಗದಲ್ಲಿ ನಮ್ಮದು ಮೀನಿನ ಮನೆ. ಅಪ್ಪ ಇರುವವರೆಗೆ ದೋಣಿ ಇತ್ತು, ಈಗ ಇಲ್ಲ. ನಾನು ಮೀನು ಮಾರುತ್ತೇನೆ. ಮಳೆಗಾಲದಲ್ಲಿ ಒಣಮೀನು ಕಟ್ಟಿಕೊಂಡು ಅಂಕೋಲೆಯ ಪೇಟೆಗೆ ಹೋಗುತ್ತೇನೆ. ಮನೆಯಲ್ಲಿ ನಮ್ಮನ್ನು ಹೆತ್ತ ಆಯಿ, ನಾನು, ತಮ್ಮ. ತಮ್ಮ ಗೋವೆಯ ಒಂದು ಹೋಟೆಲಿನಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದವನು. ಅಲ್ಲಿ ಊಟದ ಸಾಲೆಯ ನಡುವೆ ಆಳೆತ್ತರದ ಉಪ್ಪುನೀರಿನ ತೊಟ್ಟಿ ಇತ್ತು. ಅದರ ಗಾಜು ಒರೆಸುತ್ತ ಒರೆಸುತ್ತ ಒಳಗಿನದನ್ನೆಲ್ಲ ಕಲಿತ. ತೊಟ್ಟಿಯಲ್ಲಿ ಬೆಳೆದ ಹವಳದ ತುದಿ ಮುರಿದು, ಕಲ್ಲಿನ ಬಿಲ್ಲೆಗೆ ಅಂಟಿಸಿ ಹೊಸದು ಮಾಡುತ್ತಾರೆ. ಹಾಗೆ ಮುರಿದ ಕಡ್ಡಿಗಳನ್ನು ಹೋಟೆಲಿನವರನ್ನು ಕೇಳಿಯೇ ಮನೆಗೆ ತಂದ. ಸಮುದ್ರದ ಹವಳ ಮುಟ್ಟುವುದು ಅಪರಾಧ, ಇದು ಮನೆಯಲ್ಲಿ ಹುಟ್ಟಿದ್ದು ಎಂದು ಬಂದವರಿಗೆಲ್ಲ ಮೊದಲೇ ಹೇಳುತ್ತಿದ್ದ.

ಬಲೆ ಇಡುತ್ತಿದ್ದ ಹೊರಕೋಣೆಯಲ್ಲಿ ತೊಟ್ಟಿ ಬಂತು. ನೀಲಿ ದೀಪ ಹಚ್ಚಿದರೆ ಹಸಿರು, ನೇರಳೆ, ಕಿತ್ತಳೆ ಕೊಂಬುಗಳು ಒಳಗಿನಿಂದಲೇ ಬೆಳಗಿದ ಹಾಗೆ ಕಾಣುತ್ತಿದ್ದವು. ಆಯಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಗಾಜಿನ ಪೆಟ್ಟಿಗೆಗೆ ಹೊತ್ತು ಹೊತ್ತಿಗೆ ಊಟ ಹಾಕ್ತ, ಆಯಿಗೆ ಒಂದು ಎಲೆಯಡಿಕೆ ಕವಳ ತಂದ್ಕೊಡೂಕೆ ನೆನಪಾಗೂದಿಲ್ಲ” ಎನ್ನುತ್ತಿದ್ದಳು. ಆದರೆ ಸಂಜೆ ಅದರ ಎದುರೇ ಕುರ್ಚಿ ಹಾಕಿ ಕೂರುತ್ತಿದ್ದಳು.

ಹವಳ ನೋಡಲು ಕಲ್ಲಿನಂತೆ ಇದ್ದರೂ ಜೀವ. ಮೈಯೊಳಗೆ ಸುಣ್ಣದ ಎಲುಬು ಕಟ್ಟಿಕೊಳ್ಳುತ್ತದೆ. ಆ ಸುಣ್ಣವನ್ನೂ ಅದರ ಜೋಡಿಗೆ ಬೇಕಾದ ಕ್ಷಾರವನ್ನೂ ನೀರಿನಿಂದ ಹೀರುತ್ತದೆ. ಸಮುದ್ರಕ್ಕೆ ಕೊನೆಯಿಲ್ಲ, ತೊಟ್ಟಿಗೆ ಇದೆ. ಹೀರಿದಷ್ಟು ತೀರುತ್ತದೆ, ತೀರಿದಷ್ಟನ್ನು ಹೊರಗಿನಿಂದ ತುಂಬಬೇಕು. ಹವಳ ಚಿಕ್ಕದಿರುವಾಗ ತಮ್ಮ ದಿನಾ ಬೆಳಿಗ್ಗೆ ಕೈಯಿಂದಲೇ ಅಳೆದು ಹಾಕಿ ಗೋವೆಯ ಬಸ್ಸು ಹಿಡಿಯುತ್ತಿದ್ದ. ಕೊಂಬು ಬೆಳೆದ ಮೇಲೆ ಅದು ಸಾಲದಾಯಿತು. ಅದೇ ಹೊತ್ತಿಗೆ ಹೋಟೆಲಿನವರು ಅವನನ್ನು ಗೋವೆಯ ಆ ತುದಿಯ ಇನ್ನೊಂದು ಹೋಟೆಲಿಗೆ ಮಳೆಗಾಲ ಮುಗಿಯುವ ತನಕ ಕಳಿಸುವುದೆಂದಾಯಿತು. ಅಲ್ಲಿಂದ ದಿನಾ ಬರುವ ಹಾಗಿರಲಿಲ್ಲ.

ಅವನಿಗೆ ಒಂದು ಆಸೆ ಇತ್ತು. ಚೌತಿಯ ನಂತರ ಗೋವೆಯ ಅಂಗಡಿಯವರು ಬಂದು ನೋಡುವುದಾಗಿ ಹೇಳಿದ್ದರು. ಅವರಿಗೆ ಒಪ್ಪಿಗೆಯಾದರೆ ಹೋಟೆಲು ಬಿಟ್ಟು ಮನೆಯಲ್ಲೇ ಹವಳ ಬೆಳೆಸಿಕೊಂಡು ಇರುತ್ತೇನೆ ಎನ್ನುತ್ತಿದ್ದ. ಊರು ಬಿಟ್ಟು ಇನ್ನೊಬ್ಬರ ಗಾಜು ಒರೆಸಿದ್ದು ಸಾಕಾಗಿತ್ತು ಅವನಿಗೆ. ಆ ಮಳೆಗಾಲ ತೊಟ್ಟಿ ಉಳಿಯಬೇಕು, ಅಷ್ಟೇ.

ಉಳಿಸಲು ಎರಡು ದಾರಿ ಇತ್ತು. ಅವನು ನೆಲದ ಮೇಲೆ ಕೂತು ನನಗೆ ಎರಡನ್ನೂ ತಿಳಿಸಿ ಹೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕ್ಯಾಲ್ಸಿಯಂ ರಿಯಾಕ್ಟರ್. ದಪ್ಪ ಕೊಳವೆಯ ತುಂಬ ಸತ್ತ ಹವಳದ ಜಲ್ಲಿ. ಅದಕ್ಕೆ ಸಿಲಿಂಡರಿನಿಂದ ಗ್ಯಾಸು ಗುಳ್ಳೆ ಗುಳ್ಳೆಯಾಗಿ ಬಿಡುವುದು. ಗ್ಯಾಸಿನಿಂದ ನೀರು ಹುಳಿಯಾಗುತ್ತದೆ, ಹುಳಿಗೆ ಜಲ್ಲಿ ಕರಗುತ್ತದೆ, ಕರಗಿದ್ದು ಹನಿಹನಿಯಾಗಿ ತೊಟ್ಟಿಗೆ ಬೀಳುತ್ತದೆ. ಒಮ್ಮೆ ಹದಕ್ಕೆ ಬಂದರೆ ಮಳೆಗಾಲವಿಡೀ ಜಲ್ಲಿ ತೀರುವುದಿಲ್ಲ, ಹೊರಗಿನಿಂದ ಏನೂ ತರಿಸಬೇಕಾಗಿಲ್ಲ. ಆದರೆ ಗುಳ್ಳೆಯ ವೇಗ ಬೆಳಿಗ್ಗೆ ಸಂಜೆ ನೋಡಬೇಕು, ಏರುಪೇರಾದರೆ ತಿರುಪು ಮುಟ್ಟಿ ಸರಿಮಾಡಬೇಕು. ಎರಡನೆಯದು ಡೋಸಿಂಗ್ ಪಂಪ್. ಎರಡು ಬಾಟಲಿ, ಒಂದರಲ್ಲಿ ಕ್ಯಾಲ್ಸಿಯಂ, ಒಂದರಲ್ಲಿ ಕ್ಷಾರ. ಅಂಗೈಯಗಲದ ಎರಡು ಮೋಟಾರು ಗಂಟೆಗಂಟೆಗೂ ಹೇಳಿದಷ್ಟನ್ನೇ ತೊಟ್ಟಿಗೆ ಬಿಡುತ್ತವೆ. ಮನೆಯಲ್ಲಿ ಯಾರೂ ಇರದಿದ್ದರೂ ನಡೆಯುತ್ತದೆ. ಆದರೆ ಬಾಟಲಿ ಖಾಲಿಯಾಗದಂತೆ ನೋಡಬೇಕು, ದಿನಕ್ಕೊಮ್ಮೆ ನೀರು ಪರೀಕ್ಷೆ ಮಾಡಿ ಹೇಳಬೇಕು.

ಅವನ ಮನಸ್ಸು ರಿಯಾಕ್ಟರಿನ ಕಡೆ ಇತ್ತು. ಮಳೆಯಲ್ಲಿ ದಾರಿ ಬಂದಾದರೆ ಬಾಟಲಿಗೆ ತುಂಬುವ ಪುಡಿ ಬರಲಿಕ್ಕಿಲ್ಲ ಎಂಬ ಹೆದರಿಕೆ ಅವನಿಗೆ ಆಗಲೇ ಇತ್ತು. ಆದರೂ ನನ್ನನ್ನೇ ಕೇಳಿದ.

“ಇಲ್ಲಿ ಇರೂದು ನೀನು ಅಕ್ಕ. ನಿಂಗೆ ಯಾವುದು ಆಗ್ತದೆ ಹೇಳು. ನಂಗೆ ಬೇಕು ಹೇಳಿ ಹೂಂ ಅನ್ಬೇಡ.”

ಮನೆಯೊಳಗೆ ಸಿಲಿಂಡರ್ ಇಟ್ಟುಕೊಂಡು ಮಲಗಲು ಹೆದರಿಕೆ ಎಂದೆ. ಅದು ಅಡಿಗೆಯ ಗ್ಯಾಸಲ್ಲ, ಬೆಂಕಿ ಹತ್ತುವುದಿಲ್ಲ, ಉಲ್ಟಾ ಬೆಂಕಿ ಆರಿಸುವ ಗ್ಯಾಸು ಎಂದು ನಗುತ್ತ ಹೇಳಿದ. ನಾನು ಜಗ್ಗಲಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ ಒಂದು ಪಾಲು, ಉಳಿದದ್ದು ಬೇರೆ. ಬೆಳಿಗ್ಗೆ ಸಂಜೆ ಗುಳ್ಳೆ ನೋಡುತ್ತ ಮನೆಗೆ ಕಟ್ಟಿಬೀಳುವುದು ನನಗೆ ಬೇಡವಾಗಿತ್ತು. ಅಂಕೋಲೆಯ ಪೇಟೆಯಲ್ಲಿ ನನ್ನ ಜಾಗ ಇದೆ, ನನ್ನ ಗಿರಾಕಿಗಳಿದ್ದಾರೆ, ಅಲ್ಲಿ ನಾನು ಯಾರ ತೊಟ್ಟಿಯ ಕಾವಲೂ ಅಲ್ಲ. ಇದನ್ನು ಹೇಳಿದ್ದರೆ ಅವನು ಬೇರೆ ಯಾರನ್ನಾದರೂ ಹುಡುಕುತ್ತಿದ್ದನೋ ಏನೋ. ನಾನು ಹೇಳಲಿಲ್ಲ. ಹೆದರಿಕೆ ಎಂದು ಮಾತ್ರ ಅಂದೆ. ಅವನು ಇಂಥ ಸಾಮಾನು ಮಾರುವ ಮಡಗಾಂವದ ಗೆಳೆಯನಿಗೆ ಫೋನು ಮಾಡಿ ಪಂಪ್ ತರಿಸಿದ. ಆ ಗೆಳೆಯನೇ ಬಂದು ಗೋಡೆಗೆ ಮೊಳೆ ಹೊಡೆದು ಕೂರಿಸಿಕೊಟ್ಟು, ಮೀನುಸಾರು ಉಂಡು ಹೋದ.

ಪರೀಕ್ಷೆ ಕಷ್ಟದ್ದೇನಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದು ಔಷಧಿಯ ಹನಿ ಹಾಕುತ್ತ ಹೋಗಬೇಕು. ನೀಲಿ ಇದ್ದದ್ದು ಹಳದಿ ಆಗುತ್ತದೆ. ಎಷ್ಟನೆಯ ಹನಿಗೆ ಆಯಿತೋ ಅದೇ ಉತ್ತರ. ಎಂಟು ಬಂದರೆ ಒಳ್ಳೆಯದು. ಆ ಉತ್ತರವನ್ನು ನಾನು ದಿನಾ ಫೋನಿನಲ್ಲಿ ಮಾತಾಡಿ ಕಳಿಸಬೇಕು. ಅವನಿದ್ದ ಜಾಗದಲ್ಲಿ ಸಿಗ್ನಲ್ ಸರಿಯಿರಲಿಲ್ಲ, ಕೆಲಸದ ಹೊತ್ತಿನಲ್ಲಿ ಫೋನು ಒಳಗಿಡಿಸುತ್ತಿದ್ದರು. ಹಾಗಾಗಿ ಅವನು ಕೇಳುವುದೂ ನಾನು ಹೇಳುವುದೂ ತುಂಡು ತುಂಡು ವಾಯ್ಸ್ ಮೆಸೇಜಿನಲ್ಲೇ.

ಮೊದಮೊದಲು ನಿಯತ್ತಿನಿಂದ ಮಾಡಿದೆ. ಒಂದು ಬೆಳಿಗ್ಗೆ ಹತ್ತು ಬಂತು. ಆಗುವುದಿಲ್ಲ, ಇನ್ನೊಮ್ಮೆ ನೋಡು ಎಂದ. ನೋಡಿದೆ, ಏಳು ಬಂತು. ಮತ್ತೊಮ್ಮೆ ನೋಡು ಎಂದ. ಅಂಕೋಲೆಯ ಬಸ್ಸು ಹೋಗುವ ಹೊತ್ತು. ಬುಟ್ಟಿ ಕಟ್ಟಿಟ್ಟು ಕೊಳವೆ ಹಿಡಿದು ನಿಂತಿದ್ದೆ. ಮೂರನೆಯ ಸಲ ಎಷ್ಟು ಬಂತೆಂದು ನೆನಪಿಲ್ಲ. “ಎಂಟರವರೆಗೆ ಲೆಕ್ಕ ಮಾಡೂಕೂ ಬರೂದಿಲ್ವಾ ನಿಂಗೆ?” ಎಂದು ಅವನ ಧ್ವನಿ ಬಂತು. ಕೋಪದಲ್ಲಿ ಅಂದ ಮಾತು. ಸಂಜೆ ಅವನೇ, ತಪ್ಪಾಯ್ತು ಅಕ್ಕ, ಇಲ್ಲಿ ತಲೆ ಸರಿಯಿರಲಿಲ್ಲ ಎಂದು ಹೇಳಿದ. ಆದರೆ ಶಾಲೆ ಬಿಟ್ಟವಳಿಗೆ ಆ ಮಾತು ಎಲ್ಲಿ ಹೋಗಿ ಕೂರುತ್ತದೋ ಅಲ್ಲಿ ಕೂತಿತ್ತು. ಮರುದಿನ ಕೊಳವೆ ಮುಟ್ಟದೆ, ಬುಟ್ಟಿ ಹೊತ್ತು ಬಸ್ಸಿಗೆ ನಡೆಯುತ್ತಲೇ ಎಂಟು ಎಂದು ಕಳಿಸಿದೆ. ಶಾಬಾಸ್, ಈಗ ಕೈ ಕೂತಿತು ಎಂದ.

ಅಂದಿನಿಂದ ಎಂಟೇ. ಒಮ್ಮೊಮ್ಮೆ ಅನುಮಾನ ಬಾರದಿರಲಿ ಎಂದು ಎಂಟಕ್ಕೆ ಸ್ವಲ್ಪ ಕಮ್ಮಿ ಅನ್ನುತ್ತಿದ್ದೆ. ಸುಮ್ಮನೆ ಸುಳ್ಳು ಹೇಳುವುದು ಬೇರೆ, ಸುಳ್ಳಿಗೆ ನಿಜದ ಬಣ್ಣ ಬಳಿಯುವುದು ಬೇರೆ. ನಾನು ಎರಡನೆಯದನ್ನೂ ಮಾಡಿದೆ.

ಹವಳ ಬೆಳೆಯುತ್ತಲೇ ಇತ್ತು, ಅದಕ್ಕೇ ನನಗೆ ಧೈರ್ಯ. ಮಳೆ ಜೋರಾಯಿತು. ಗುಡ್ಡ ಕುಸಿದು ಹೆದ್ದಾರಿ ಒಮ್ಮೆ ಬಂದಾಯಿತು, ಒಮ್ಮೆ ತೆರೆಯಿತು. ಮಡಗಾಂವದಿಂದ ಬರಬೇಕಾದ ಪುಡಿ ಬರಲಿಲ್ಲ. ಬಾಟಲಿಯಲ್ಲಿ ಇನ್ನೂ ಇದೆಯಾ ಎಂದು ತಮ್ಮ ಕೇಳಿದ. ಕೋಣೆಗೆ ಹೋಗಿ ನೋಡದೆ, ಒಲೆಯ ಹತ್ತಿರ ಕೂತೇ, ಇದೆ ಎಂದೆ. ಆಮೇಲೆ ಯಾವಾಗಲೋ ಕಸ ಗುಡಿಸುವಾಗ ನೋಡುತ್ತೇನೆ, ಕ್ಯಾಲ್ಸಿಯಂ ಬಾಟಲಿ ಬರಿದು. ನಳಿಗೆಯಲ್ಲಿ ಗಾಳಿ ಓಡಾಡುತ್ತಿತ್ತು. ಪಂಪು ಎಷ್ಟು ದಿನದಿಂದ ಬರೀ ಗಾಳಿ ಬಿಡುತ್ತಿತ್ತೋ ದೇವರಿಗೇ ಗೊತ್ತು.

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ, ಹಾಗಾದರೆ ಎಂಟು ಹೇಗೆ ಬಂತು ಎಂದು ಕೇಳುತ್ತಿದ್ದ. ಆ ಒಂದು ಪ್ರಶ್ನೆಗೆ ಹೆದರಿ ನಾನು ಆಯಿಯ ಸುಣ್ಣದ ಡಬ್ಬಿ ಹುಡುಕಿದೆ.

ಆಯಿಯ ತವರು ಅಂಕೋಲೆಯ ಕಡೆ. ಅಲ್ಲಿ ಹಳ್ಳದ ಬಾಯಲ್ಲಿ ಚಿಪ್ಪು ಆರಿಸಿ, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಅಂಗಡಿಯ ಸುಣ್ಣ ನಾಲಿಗೆ ಸುಡುತ್ತದೆಂದು ಆಯಿಯ ಕವಳಕ್ಕೆ ಇಂದಿಗೂ ಅಲ್ಲಿಂದಲೇ ಬರಬೇಕು. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಹವಳದ ಎಲುಬು ಸುಣ್ಣ, ಚಿಪ್ಪೂ ಸುಣ್ಣ, ಎರಡೂ ಸಮುದ್ರದ್ದು. ರಿಯಾಕ್ಟರಿನಲ್ಲಿ ಕಲ್ಲು ಕರಗಿಸಿ ಕೊಡುತ್ತಾರೆಂದು ತಮ್ಮನೇ ಹೇಳಿದ್ದ. ನಾನು ಕರಗಿದ್ದನ್ನೇ ಕೊಟ್ಟರೆ ಏನಾಯಿತು? ಸುಟ್ಟ ಚಿಪ್ಪಿಗೂ ಸುಡದ ಚಿಪ್ಪಿಗೂ ಇರುವ ಅಂತರ, ಕವಳ ಹಾಕಿ ಬಾಯಿ ಸುಟ್ಟುಕೊಂಡ ನನಗೆ ಗೊತ್ತಿರಬೇಕಿತ್ತು. ಮೊದಲು ತಿಳಿನೀರು ಬಸಿದೆ. ತೀರ ತೆಳುವಾಗಿ ಕಂಡಿತು. ಮತ್ತೆ ಕದಡಿ ಮಜ್ಜಿಗೆಯ ಹಾಗೆ ಮಾಡಿ ಬಾಟಲಿ ತುಂಬಿದೆ. ಬಿಟ್ಟುಹೋದ ದಿನಗಳದ್ದೂ ಸೇರಿ ಹೋಗಲಿ ಎಂದು ಪಂಪಿನ ಗುಂಡಿ ಒತ್ತಿ ಹಿಡಿದುಕೊಂಡು ನಿಂತೆ. ಬೆಳ್ಳನೆಯ ಗೆರೆ ತೊಟ್ಟಿಯೊಳಗೆ ಇಳಿದು ಹೊಗೆಯ ಹಾಗೆ ಹರಡಿತು. ಚಂದವಾಗಿಯೇ ಕಂಡಿತು. ಎಂಟು ಎಂದು ಹೇಳಿ ಅಂಕೋಲೆಗೆ ಹೋದೆ.

ಮಧ್ಯಾಹ್ನದ ನಂತರ ಮರಳಿದಾಗ ಆಯಿ ಬಾಗಿಲಲ್ಲೇ ನಿಂತಿದ್ದಳು. ಪೆಟ್ಟಿಗೆಯಲ್ಲಿ ಗಂಜಿ ತುಂಬಿದೆ ಎಂದಳು. ನೀರು ಗಂಜಿಯ ಹಾಗೇ ಆಗಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಗಾಜಿಗೆ ಮುಖ ಒತ್ತಿ ನೋಡಿದೆ. ನೇರಳೆ ಕೊಂಬಿನ ಮೈ ಹಾಲಿನ ಕೆನೆಯಂತೆ ಎದ್ದು ಜಾರುತ್ತಿತ್ತು. ಪಂಪಿನ ಪ್ಲಗ್ ಕಿತ್ತುಹಾಕಿದೆ. ಅವನಿಗೆ ಫೋನು ಮಾಡಬೇಕು ಎಂದುಕೊಂಡೆ. ಮಾಡಲಿಲ್ಲ. ಮೊದಲು ನೀರು ಬದಲಿಸಿಬಿಡೋಣ, ಸರಿಯಾದ ಮೇಲೆ ಹೇಳೋಣ ಎಂದುಕೊಂಡೆ.

ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗೆ ಆ ದಿನ ಉಪ್ಪುನೀರು ಸಿಗಲಿಲ್ಲ. ಮಳೆಗಾಲದಲ್ಲಿ ಕಾಳಿ ನದಿಯ ಬಾಯಿ ಪೂರ್ತಿ ಕೆಂಪು, ಪೂರ್ತಿ ಸಿಹಿ. ದಂಡೆಯುದ್ದಕ್ಕೂ ಅದೇ ನೀರು. ಟೆಂಪೋ ಒಂದನ್ನು ಹಿಡಿದು, ಕ್ಯಾನುಗಳನ್ನು ಹಾಕಿಕೊಂಡು, ಸೇತುವೆ ದಾಟಿ ಮಾಜಾಳಿಗೆ ಓಡಿದೆ. ಅಲ್ಲಿ ನಮ್ಮ ದೊಡ್ಡಪ್ಪ ಇದ್ದಾನೆ. ಮಳೆಗಾಲದಲ್ಲೂ ಬಂಡೆಗಳ ಮರೆಯಲ್ಲಿ ಪಾತಿ ದೋಣಿ ಇಳಿಸುವವನು. ನನ್ನನ್ನು, ಕ್ಯಾನುಗಳನ್ನು ನೋಡಿ ಬೀಡಿ ಕೆಳಗಿಟ್ಟ.

“ಸಮುದ್ರದ ನೀರು ಕೇಳ್ಕಂಡು ಇಲ್ಲಿವರೆಗೆ ಬಂದ್ಯಾ? ನಿಮ್ಮನೆ ಎದುರು ಹರಿಯೂದು ಎಂತಾ, ಚಾ ನೀರಾ?”

ಅತ್ತುಬಿಟ್ಟೆ. ಅವನು ಎದ್ದ. ಕ್ಯಾನಿಗೆ ಕಲ್ಲು ಕಟ್ಟಿದ, ಬಾಯಿಗೆ ಬೆಣೆ ಹಾಕಿ ಬೆಣೆಗೊಂದು ದಾರ ಕಟ್ಟಿದ. ಮಳೆಯ ನೀರು ಹಗುರ, ಮೇಲೆ ತೇಲುತ್ತದೆ, ಉಪ್ಪು ಅಡಿಯಲ್ಲಿರುತ್ತದೆ. ಬಂಡೆಯ ಆಚೆ ದೋಣಿ ನಿಲ್ಲಿಸಿ, ಕ್ಯಾನು ಆಳಕ್ಕೆ ಇಳಿಸಿ ದಾರ ಎಳೆದು ಅಡಿಯಲ್ಲೇ ಬೆಣೆ ಬಿಚ್ಚುತ್ತಿದ್ದ. ತೆರೆ ದೋಣಿಯನ್ನು ಎತ್ತಿ ಬಂಡೆಯ ಕಡೆ ತಳ್ಳುತ್ತಿತ್ತು. ದಡದಲ್ಲಿ ನಿಂತು ನಾನು ದೇವರನ್ನೆಲ್ಲ ಕರೆದೆ. ಈ ಮುದುಕನಿಗೆ ಏನಾದರೂ ಆದರೆ ಅದೂ ನನ್ನ ತಲೆಗೇ ಎಂದು ತಿಳಿದೂ ಸಾಕು ಬಾ ಎನ್ನಲಿಲ್ಲ, ಇನ್ನೊಂದು ಕ್ಯಾನು, ಇನ್ನೊಂದು ಎಂದು ಕೂಗುತ್ತಿದ್ದೆ. ಅದನ್ನೂ ಇಲ್ಲಿ ಬರೆಯಬೇಕು.

ನೀರು ತಂದು, ಸೀರೆಯಲ್ಲಿ ಸೋಸಿ, ತೊಟ್ಟಿಯದನ್ನು ತೆಗೆದು ಇದನ್ನು ಹಾಕಿದೆ. ನೀರು ತಿಳಿಯಾಯಿತು. ತಿಳಿಯಾದ ಮೇಲೆ ಕಂಡದ್ದು ಬಿಳಿ ಎಲುಬುಗಳು. ಮೂಲೆಯಲ್ಲಿ ಒಂದೆರಡು ಮೆತ್ತನೆಯ ಜಾತಿಯವು ಮಾತ್ರ ಮುದುಡಿಕೊಂಡು ಉಳಿದಿದ್ದವು. ಕೋಣೆಯ ತುಂಬ ಕೊಳೆತ ವಾಸನೆ. ಆಗ ಫೋನು ತೆಗೆದುಕೊಂಡೆ. ಪಂಪ್ ಕೆಟ್ಟು ಎಲ್ಲ ಸುರಿದುಬಿಟ್ಟಿತು ತಮ್ಮಾ ಎಂದೆ.

ಅವನು ಮರುದಿನ ಬೆಳಿಗ್ಗೆ ಬಂದ. ಚಪ್ಪಲಿ ಬಿಡದೆ ತೊಟ್ಟಿಯ ಎದುರು ನಿಂತ. ಬೈಯಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, “ನಂದೇ ತಪ್ಪು. ರಿಯಾಕ್ಟರ್ ಹಾಕ್ಬೇಕಿತ್ತು, ಮನಸ್ಸು ಹೇಳ್ತಿತ್ತು. ನೀ ಅಳಬೇಡ” ಎಂದ. ಆ ಕೈಯನ್ನು ತಡೆದುಕೊಂಡು ನಾನು ನಿಂತೆ. ಆಮೇಲೆ ಹೊರಗೆ ಹೋಗಿ ಮಡಗಾಂವದ ಗೆಳೆಯನಿಗೆ ಫೋನು ಹಚ್ಚಿದ. ಅಡಿಗೆಮನೆಯಿಂದ ಎಲ್ಲ ಕೇಳುತ್ತಿತ್ತು. ಕೆಟ್ಟ ಮಾಲು ಕೊಟ್ಟೆ, ಉಂಡ ಮನೆಗೆ ಎರಡು ಬಗೆದೆ, ಎಲ್ಲರಿಗೂ ಹೇಳುತ್ತೇನೆ ಎಂದ. ಹೇಳಿದ ಕೂಡ. ಈ ಹವ್ಯಾಸದವರ ಗುಂಪಿಗೆಲ್ಲ ಸತ್ತ ತೊಟ್ಟಿಯ ಚಿತ್ರ ಹೋಯಿತು. ನಾನು ಅವತ್ತು ಅನ್ನಕ್ಕೆ ಇಟ್ಟೆ, ಸಾರು ಮಾಡಿದೆ, ಬಡಿಸಿದೆ.

ಎಷ್ಟೋ ದಿನಗಳ ನಂತರ, ತಮ್ಮ ಮನೆಗೆ ಬಂದಿದ್ದ ಒಂದು ಆದಿತ್ಯವಾರ, ಆ ಗೆಳೆಯ ತಾನಾಗಿಯೇ ಬಂದ. ಅಂಗಳದಲ್ಲೇ ನಿಂತು, ಒಳಗೆ ಬರಲಾ ಎಂದು ಕೇಳಿದ. ಹಿಂದೆ ಕೇಳದೆ ಬರುತ್ತಿದ್ದವನು. ಪಂಪನ್ನು ನೀರಿಗೆ ಜೋಡಿಸಿ, ಅಳತೆಯ ಲೋಟ ಇಟ್ಟು ಓಡಿಸಿದ. ಹೇಳಿದಷ್ಟೇ ಬಂತು. ಮತ್ತೆ ಓಡಿಸಿದ, ಅಷ್ಟೇ ಬಂತು. ತಮ್ಮ ಲೋಟವನ್ನೇ ನೋಡುತ್ತಿದ್ದ. ಅಂದು ಮಾತ್ರ ತಪ್ಪಿರಬೇಕು ಎಂದ. ಗೆಳೆಯ ವಾದ ಮಾಡಲಿಲ್ಲ. ಪಂಪ್ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳತೊಡಗಿದ. ಇನ್ನು ಮುಂದೆ ನನ್ನ ಹತ್ತಿರ ಯಾರೂ ತೆಗೆದುಕೊಳ್ಳುವುದಿಲ್ಲ, ಇರಲಿ ಎಂದ, ಯಾರನ್ನೂ ದೂರದೆ. ಆ ಚೀಲದ ಬಾಯಿ ಕಟ್ಟಿಬಿಟ್ಟರೆ ನನ್ನ ಬಾಯಿಯೂ ಶಾಶ್ವತವಾಗಿ ಕಟ್ಟಿಹೋಗುತ್ತದೆ ಎಂದು ಅನಿಸಿತು.

“ಬಾಟ್ಲಿ ಖಾಲಿ ಆಗಿತ್ತು. ನಾನು ಆಯಿಯ ಸುಣ್ಣ ಕಲಸಿ ಹಾಕ್ದೆ. ಪಂಪ್ ಏನೂ ಮಾಡ್ಲಿಲ್ಲ.”

ತಮ್ಮ ನನ್ನ ಕಡೆ ತಿರುಗಿದ. ಸುಣ್ಣದ ವಿಷಯ ಅವನಿಗೆ ಅಷ್ಟು ತಟ್ಟಲಿಲ್ಲ. ಅವನು ಬೇರೊಂದನ್ನು ಜೋಡಿಸುತ್ತಿದ್ದ.

“ಮತ್ತೆ ಎಂಟು?”

“ಸುಳ್ಳು.”

“ಎಲ್ಲಾ ಎಂಟೂ?”

“ಮೊದಲಿನ ಕೆಲವು ಖರೆ” ಎಂದೆ. ಯಾವತ್ತಿನವರೆಗೆ ಎಂದು ಕೇಳಿದ. ನೀನು ನನಗೆ ಲೆಕ್ಕ ಬರುವುದಿಲ್ಲ ಎಂದ ದಿನದವರೆಗೆ ಎನ್ನಬಹುದಿತ್ತು. ಅದನ್ನು ನುಂಗಿಕೊಂಡೆ. ಅದು ಕಾರಣವಲ್ಲ, ನೆಪ.

ಗೆಳೆಯ ಚೀಲ ಕೆಳಗಿಟ್ಟ. ಸುಣ್ಣ ಹೆಚ್ಚಾದರೆ ಸೋಡಾ ಬಾಟಲಿಯ ನೀರು ಸ್ವಲ್ಪ ಸ್ವಲ್ಪವೇ ಸುರಿದಿದ್ದರೂ ಇಳಿಯುತ್ತಿತ್ತು, ಅದರಲ್ಲೂ ರಿಯಾಕ್ಟರಿನದೇ ಗ್ಯಾಸು ಇರುತ್ತದೆ, ಕೆಲವಾದರೂ ಉಳಿಯುತ್ತಿದ್ದವು ಎಂದ. ಸಮಾಧಾನಕ್ಕೆ ಹೇಳಿದನೋ ಏನೋ. ನಮ್ಮ ಓಣಿಯ ತುದಿಯ ಅಂಗಡಿಯಲ್ಲಿ ಸೋಡಾ ಇದೆ. ನಾನು ಮಾಜಾಳಿಗೆ ಹೋಗಿದ್ದೆ.

“ಒಂದು ಫೋನು ಅಕ್ಕ” ಎಂದ ತಮ್ಮ. “ನೋಡ್ಲಿಲ್ಲ ಹೇಳಿದ್ರೆ ನಾನೇನು ಕೊಂದ್ಹಾಕ್ತಿದ್ನಾ?”

ಉತ್ತರಕ್ಕೆ ಅವನು ಕಾಯಲಿಲ್ಲ. ಗೆಳೆಯನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೋದ. ಇಬ್ಬರೂ ಏನು ಮಾತಾಡಿದರೋ ತಿಳಿಯದು. ಗುಂಪಿನವರಿಗೆ ಪಂಪಿನದು ತಪ್ಪಲ್ಲ ಎಂದು ಅವನು ಬರೆದ. ಆದರೆ ಯಾರ ತಪ್ಪು ಎಂದು ಬರೆಯಲಿಲ್ಲ. ಅದಕ್ಕೇ ಕೆಲವರು ನಂಬಲಿಲ್ಲ. ನನ್ನ ಮರ್ಯಾದೆ ಉಳಿಸಲು ಅವನು ಗೆಳೆಯನ ಮರ್ಯಾದೆಯನ್ನು ಅರ್ಧಕ್ಕೇ ಬಿಟ್ಟ. ಉಳಿದ ಅರ್ಧ ಇಲ್ಲಿದೆ.

ಚೌತಿಯ ನಂತರ ಅಂಗಡಿಯವರು ಬರಲಿಲ್ಲ, ತೋರಿಸಲು ಏನೂ ಇರಲಿಲ್ಲ. ತಮ್ಮ ಹೋಟೆಲು ಬಿಡಲಿಲ್ಲ. ಹಳೆಯ ಹೋಟೆಲಿಗೆ ಮರಳಿ, ಮನೆಯಿಂದಲೇ ದಿನಾ ಹೋಗಿ ಬರುತ್ತಾನೆ. ಕಡ್ಡಿಗಳನ್ನು ಮತ್ತೆ ತಂದಿದ್ದಾನೆ, ಬೆರಳಿನ ಉಗುರಿನಷ್ಟವು. ಈ ಸಲ ರಿಯಾಕ್ಟರ್ ಹಾಕಿದ. ನನ್ನನ್ನು ಕೇಳಲಿಲ್ಲ. ಸಿಲಿಂಡರು ನನ್ನ ಹಾಸಿಗೆಯ ಗೋಡೆಯಾಚೆಗೇ ಇದೆ. ಗುಳ್ಳೆ ಏಳುವ ಸದ್ದು ಕೇಳುತ್ತದೆ. ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಕಿವಿಯಲ್ಲೇ ಅಳೆಯುತ್ತೇನೆ, ಹೇಳುವುದಿಲ್ಲ. ಅವನು ಹೊರಡುವ ಮೊದಲು ತಾನೇ ನೋಡುತ್ತಾನೆ, ಬಂದ ಮೇಲೆ ತಾನೇ ನೋಡುತ್ತಾನೆ. ನನ್ನೊಡನೆ ಮೀನಿನ ಬಗ್ಗೆ, ಆಯಿಯ ಮೊಣಕಾಲಿನ ಬಗ್ಗೆ ಮೊದಲಿನ ಹಾಗೇ ಮಾತಾಡುತ್ತಾನೆ. ತೊಟ್ಟಿಯ ಬಗ್ಗೆ ಇಲ್ಲ.

ಮೊನ್ನೆ ಅವನು ಗೋವೆಯಿಂದ ಬರುವ ರೈಲು ಎಲ್ಲೋ ನಿಂತುಹೋಗಿತ್ತು. ಸಂಜೆ ಫೋನು ಬಂತು. ನೀರು ಪರೀಕ್ಷೆ ಮಾಡುತ್ತೀಯಾ ಎಂದ. ಕೈ ತೊಳೆದು, ಕೊಳವೆ ತೊಳೆದು, ನೀರು ತೆಗೆದು, ಹನಿ ಹಾಕಲು ಕೂತೆ. ನಾನು ಹೇಳ್ತೆ, ನೀ ಕೇಳು ಎಂದೆ.

“ಹೇಳೂದು ಬೇಡ ಅಕ್ಕ. ವಿಡಿಯೋ ಹಾಕಿ ಕೊಳವೆಗೆ ಹಿಡಿ. ನಾನೇ ನೋಡ್ತೆ.”

ಅವನು ಸಿಟ್ಟಿನಿಂದ ಅನ್ನಲಿಲ್ಲ. ಫೋನನ್ನು ಆಯಿಯ ಕೈಗೆ ಕೊಟ್ಟು, ಕೊಳವೆಗೆ ಸರಿಯಾಗಿ ಹಿಡಿದುಕೋ ಎಂದೆ. ನಾನು ಒಂದೊಂದೇ ಹನಿ ಹಾಕಿದೆ. ನೀಲಿ ಹಳದಿಗೆ ತಿರುಗುವ ಹನಿ ನನಗೂ ಕಂಡಿತು. ಎಷ್ಟನೆಯದೆಂದು ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವನು ಅತ್ತ ಕಡೆ ರೈಲಿನಲ್ಲಿ, ಜನರ ಗದ್ದಲದಲ್ಲಿ, ತಾನೇ ಎಣಿಸಿ ಸಾಕು ಎಂದ.